ದಸರಾ ಆಲ್ಬಮ್ಮಿಗೆ ಮೇಪಲ್ ಎಲೆ ಯಾಕ್ರೀ?

ದಸರೆಗೆ ಹಾವೇರಿಗೆ ಹೋಗಿ ಬಂದವರು ಮಾಡೋ ಡಿಜಿಟಲ್ ಆಲ್ಬಮ್ ನೋಡಿ. 'ಬಂಗಾರ' ಅಂತ ಅಜ್ಜಿಗೆ ಬನ್ನಿ ಕೊಟ್ಟು ಕಾಲಿಗೆ ಬೀಳ್ತಿರೋ ಮೊಮ್ಮಗಳು. ಫೋಟೊದ ಸುತ್ತ ಕೆನಡಾ ಬಾವುಟದಲ್ಲಿರೋ ಮೇಪಲ್ ಎಲೆ! ಆ್ಯಪ್‌ನಲ್ಲಿ 'ಆಟಮ್' ಅಂತ ಒತ್ತಿದರೆ ಅದೇ ಬರುತ್ತೆ, ನಿಜ. ಆದರೆ ನಮ್ಮ ಶರತ್ಕಾಲ ಎಲೆ ಉದುರೋ ಕಾಲವೇ ಅಲ್ಲ. ಅಕ್ಟೋಬರಿನಲ್ಲಿ ರಾಣೆಬೆನ್ನೂರಿನ ಸುತ್ತ ಮಳೆಯ ಹಸಿರು ಇನ್ನೂ ಮಾಸಿರೋದಿಲ್ಲ. ಎಲೆ ಉದುರೋದು ಶಿಶಿರದಲ್ಲಿ, ಮಾಘ-ಫಾಲ್ಗುಣಕ್ಕೆ. ಆಗ ಕೆಂಪು ಬೇಕಿದ್ದರೆ ಬ್ಯಾಡಗಿ ಕಡೆ ಹೋಗಿ: ಮುತ್ತುಗ ಹೂ ಬಿಟ್ಟಿರುತ್ತೆ, ಮೆಣಸಿನಕಾಯಿ ಮಾರ್ಕೆಟ್ ತುಂಬಿರುತ್ತೆ. ಸುಕ್ಕುಸುಕ್ಕಾದ ಆ ಕಾಯಿಗೆ 2011ರಲ್ಲೇ ಜಿಐ ಟ್ಯಾಗ್ ಸಿಕ್ಕಿದೆ; ನಮ್ಮ ಆಲ್ಬಮ್ಮಿನಲ್ಲಿ ಜಾಗ ಮಾತ್ರ ಸಿಕ್ಕಿಲ್ಲ.

'ಬರೀ ಡಿಸೈನ್, ಬಿಡ್ರೀ' ಅಂತೀರಿ. ಬಿಡೋದು ಹೆಂಗೆ? ಆಲ್ಬಮ್ ಮಾಡೋದೇ ನೆನಪಿಗೆ. 20 ವರ್ಷ ಬಿಟ್ಟು ಆ ಹುಡುಗಿ ತೆರೆದು ನೋಡಿದಾಗ, ತಾನು ಅಜ್ಜಿ ಕೈಗಿಟ್ಟ ಬಂಗಾರ ಯಾವ ಎಲೆ ಅಂತ ಗೊತ್ತಾಗಬೇಡವೇ?

ಕಷ್ಟದ ಕೆಲಸವೇನಲ್ಲ. ಬನ್ನಿ ಹಸಿ ಇದ್ದಾಗಲೇ ಬಿಳಿ ಹಾಳೆ ಮೇಲಿಟ್ಟು ನೆರಳಲ್ಲಿ ಫೋಟೊ ತೆಗೀರಿ (ಒಣಗಿದರೆ ಪುಟ್ಟ ಎಲೆಗಳೆಲ್ಲ ಉದುರಿಹೋಗ್ತವೆ), ಹಿನ್ನೆಲೆ ಅಳಿಸಿ ಪಿಎನ್‌ಜಿ ಮಾಡಿಟ್ಟುಕೊಳ್ಳಿ. ಮುಂದಿನ ದಸರೆಗೂ ಆಗುತ್ತೆ.