ಬ್ಲಾಕ್ ತಗದಾರ, ಚಹಾ ಯಾರು ಮಾಡಬೇಕು?

ನಮ್ಮ ದೊಡ್ಡ ವೈನಿಗೆ ಹಾರ್ಟ್ ಅಟ್ಯಾಕ್ ಆಗಿ, ಸ್ಟೆಂಟ್ ಹಾಕಿಸ್ಕೊಂಡು ಮನಿಗೆ ಬಂದು ಹತ್ತು ದಿನ ಆಗಿತ್ತು. ಮಾತಾಡಸಲಿಕ್ಕೆ ಹೋದೆ. ನೋಡಿದ್ರ ಅವರ ಒಲಿ ಮುಂದ ನಿಂತು ಎಂಟು ಮಂದಿಗೆ ಚಹಾ ಕುದಸಲಿಕ್ಕತ್ತಿದ್ರು. "ಬ್ಲಾಕ್ ತಗದಾರಲ್ಲ, ಇನ್ನೇನದ!" ಅಂತ ಹೊರಗ ಕೂತವರೊಬ್ರು ಅಂದ್ರು.

ನನಗ ಸಿಟ್ಟು ಬಂದದ್ದು ಈ ಮಾತಿಗೆ. ಬ್ಲಾಕ್ ತಗಿಯೋದು ಅಂದ್ರ ರಕ್ತದ ದಾರಿ ಬಿಚ್ಚೋದು, ಅಷ್ಟ. ಹೃದಯದ ಸ್ನಾಯು ಸುಧಾರಸೋದು ಬ್ಯಾರೆ. ಕಾಲುವಿಗೆ ನೀರು ಬಿಟ್ಟ ಕೂಡ್ಲೆ ಬಾಡಿದ ಪೈರು ಎದ್ದು ನಿಂದರತದೇನು? ರಕ್ತ ಸಿಗದ ಬಾಡಿದ ಸ್ನಾಯು, ದಾರಿ ಬಿಚ್ಚಿದ ಮ್ಯಾಲೂ ಕೆಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಸುಸ್ತಾಗೇ ಇರತದ, ಆಮ್ಯಾಲೆ ಚೇತರಿಸ್ಕೋತದ. ಪೂರಾ ಒಣಗಿದ್ದು ಕಲೆಯಾಗಿ ಉಳೀತದ, ಅದು ಮತ್ತ ಕುಗ್ಗಿ ಹಿಗ್ಗಂಗಿಲ್ಲ. ಒಮ್ಮೊಮ್ಮೆ ದೊಡ್ಡ ನಾಳ ಬಿಚ್ಚಿದ್ರೂ ಒಳಗಿನ ಕೂದಲೆಳಿಯಂಥಾ ನಾಳದಾಗ ರಕ್ತ ಸರಿಯಾಗಿ ಹರಿಯಂಗಿಲ್ಲ.

ಇನ್ನೊಂದು ಸಂಗತಿ. ಹೃದಯ ಕುಗ್ಗಿದಾಗ ಮೈಗೆಲ್ಲಾ ರಕ್ತ ಹೋಗತದ. ತನ್ನ ಸ್ನಾಯುಕ್ಕ ಮಾತ್ರ ಅದು ಹೆಚ್ಚಾಗಿ ತಾ ಸಡಿಲಾಗಿ ಆರಾಮ ತಗೊಳ್ಳೋ ಹೊತ್ತಿನ್ಯಾಗ ರಕ್ತ ತಗೋತದ. ಎಲ್ಲಾರಿಗೂ ಬಡಿಸಿ ಕಡೀಕ ಉಣ್ಣೋ ನಮ್ಮ ಮನಿ ಹೆಣ್ಣುಮಕ್ಕಳ ಹಂಗ! ಬಡಿತ ಜೋರಾದಷ್ಟು ಆ ಆರಾಮದ ಹೊತ್ತು ಕಡಿಮಿ ಆಗತದ. ಬಡಿತ ನಿಧಾನ ಮಾಡೋ ಗುಳಿಗಿ ಕೊಡೋದಕ್ಕ ಇದೂ ಒಂದು ಕಾರಣ.

ಹಂಗಂತ ಹಾಸಗಿ ಹಿಡಿಸಿಬಿಡ್ರಿ ಅನ್ನಂಗಿಲ್ಲ. ಡಾಕ್ಟರು ಹೇಳಿದಷ್ಟು ನಡೀಲೇಬೇಕು, ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಮಾಡ್ಕೋತ. ಆದ್ರ ತಮ್ಮ ಲೆಕ್ಕದಾಗ ನಡಿಯೋದು ಬ್ಯಾರೆ, ಮಂದಿ ಬಂದಾರಂತ ತಾಸುಗಟ್ಟಲೆ ಒಲಿ ಮುಂದ ನಿಂದರೋದು ಬ್ಯಾರೆ.

ವೈನಿ ಎಕೋ ರಿಪೋರ್ಟಿನ್ಯಾಗ ಇ.ಎಫ್. 40 ಅಂತ ಬರದಿತ್ತು. ಮನ್ಯಾಗ ಯಾರೂ ಓದಿರಲಿಲ್ಲ, ಬಿಲ್ಲಿನ ಜೋಡಿ ಕಪಾಟಿನ್ಯಾಗ ಇಟ್ಟಿದ್ರು. ಹೃದಯದ ಎಡಗಡೆ ಕೆಳಗಿನ ಕೋಣಿಯೊಳಗ ತುಂಬಿದ ರಕ್ತದಾಗ, ಒಂದು ಬಡಿತಕ್ಕ ನೂರಕ್ಕ ಎಷ್ಟು ಹೊರಗ ಹೋಗತದ ಅನ್ನೋ ಲೆಕ್ಕ ಅದು. ಸಾಧಾರಣ 55ರ ಮ್ಯಾಲಿರಬೇಕು. ಮೂರು ತಿಂಗಳಾದ ಮ್ಯಾಲೆ ಇನ್ನೊಮ್ಮೆ ಎಕೋ ಮಾಡಿಸಿದ್ರ ಬಾಡಿದ್ದು ಎಷ್ಟು ಎದ್ದದ ಅಂತ ಗೊತ್ತಾಗತದ. ಡಾಕ್ಟರನ್ನ ಕೇಳ್ರಿ, ನಾಚಿಕಿ ಬ್ಯಾಡ. ಇನ್ನ, ರಕ್ತ ಹೆಪ್ಪುಗಟ್ಟಧಂಗ ಕೊಡೋ ಎರಡು ಗುಳಿಗಿ ಸಾಧಾರಣ ಒಂದು ವರ್ಷದ ಮಟ ಇರತಾವ. "ಈಗ ಆರಾಮ ಅದ" ಅಂತ ತಾವಾಗೇ ಬಿಟ್ರ ಸ್ಟೆಂಟಿನೊಳಗ ಹೆಪ್ಪುಗಟ್ಟಿ ಮತ್ತ ಅದ ದವಾಖಾನಿ.

ಆವತ್ತ ನಾ ವೈನಿ ಕೈಯಾಗಿನ ಇಕ್ಕಳ ಕಸಗೊಂಡೆ. "ಅಯ್ಯ, ಆತು ಬಿಡ, ನೀ ಕೂಡು" ಅಂದ್ರು, ಏದುಸಿರು ಬಿಟಗೋತ. ಇದನ್ನ ಓದೋರೊಳಗ ಆ ಚಹಾ ಕುಡದೋರೂ ಇದ್ದೀರಿ. ಬ್ಯಾಸರ ಮಾಡ್ಕೋಬ್ಯಾಡ್ರಿ, ನಾನೂ ಕುಡದೇನಿ. ಮುಂದಿನ ಸಲ ಹೋಗೋವಾಗ ಥರ್ಮಾಸು ನಾವ ತಗೊಂಡು ಹೋಗೋಣು.