ಕುಡಿತ ಬಿಡುವವರಿಗೆ ಊರಲ್ಲೊಂದು ಕೋಣೆ ಬೇಡವೇ?

2025–26ನೇ ಸಾಲಿನ ಬಜೆಟ್‌ನಲ್ಲಿ ರಾಜ್ಯ ಸರ್ಕಾರ ಅಬಕಾರಿ ಇಲಾಖೆಗೆ ₹40,000 ಕೋಟಿ ವರಮಾನದ ಗುರಿ ಕೊಟ್ಟಿತು. ಅದರ ಹಿಂದಿನ ವರ್ಷದ ಗುರಿ ₹38,525 ಕೋಟಿ. ಮಾರಾಟದ ಲೆಕ್ಕ ಇಷ್ಟು ಚೊಕ್ಕವಾಗಿದೆ. ಆದರೆ ಕುಡಿತ ಬಿಡಬೇಕೆಂದು ಹೊರಟವನು ತನ್ನ ತಾಲ್ಲೂಕಿನಲ್ಲಿ ಯಾರ ಬಾಗಿಲು ತಟ್ಟಬೇಕು ಎಂದು ಕೇಳಿದರೆ, ಹೆಚ್ಚಿನ ಊರುಗಳಲ್ಲಿ ಉತ್ತರ ಹೇಳುವವರೇ ಇಲ್ಲ. ಪರವಾನಗಿ ಇಲ್ಲದ ಕಿರಾಣಿ ಅಂಗಡಿಯಲ್ಲೂ 90 ಎಂಎಲ್ ಪ್ಯಾಕೆಟ್ ಸಿಗುತ್ತದೆ ಎಂದು ಹೆಣ್ಣುಮಕ್ಕಳು ದೂರುತ್ತಲೇ ಇದ್ದಾರೆ. ವ್ಯಸನಮುಕ್ತರ ನೆರವಿನ ಗುಂಪು ಎಲ್ಲಿ ಸೇರುತ್ತದೆ ಎಂಬುದು ಮಾತ್ರ ತಾಲ್ಲೂಕು ಆಸ್ಪತ್ರೆಯವರಿಗೂ ತಿಳಿದಿರುವುದಿಲ್ಲ. ಇದು ಕಡೆಗಣಿಸಬಹುದಾದ ಕೊರತೆಯಲ್ಲ, ಸಾರ್ವಜನಿಕ ಹೊಣೆಗಾರಿಕೆಯ ಕುಸಿತ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯವು ದೆಹಲಿಯ ಏಮ್ಸ್ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಕಣ್ಣು ತೆರೆಸಬೇಕಿತ್ತು. ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯ ಸೇವಿಸುತ್ತಾರೆ, ಅವರಲ್ಲಿ 5.7 ಕೋಟಿ ಜನರಿಗೆ ಕುಡಿತದಿಂದಾದ ತೊಂದರೆಗೆ ನೆರವು ಬೇಕು ಎಂದು ಅದು ಹೇಳಿತು. ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೂ ಬಗೆಯ ಚಿಕಿತ್ಸೆ ಸಿಕ್ಕಿತ್ತು. ಆಸ್ಪತ್ರೆಗೆ ದಾಖಲಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು.

ಆ ಒಬ್ಬರ ಪಾಡೂ ಸಲೀಸಲ್ಲ. ನಿತ್ಯ ಕುಡಿಯುವವರು ದಿಢೀರನೆ ನಿಲ್ಲಿಸಿದರೆ ಮೊದಲ ಕೆಲವು ದಿನ ಕೈ ನಡುಕ, ನಿದ್ದೆಗೇಡು, ಫಿಟ್ಸ್, ಭ್ರಮೆ ಕಾಡಬಹುದು, ಜೀವಕ್ಕೂ ಅಪಾಯವಾಗಬಹುದು. ಹಾಗಾಗಿ ಈ ಹಂತಕ್ಕೆ ವೈದ್ಯರ ನಿಗಾ ಬೇಕೇ ಬೇಕು. ಆದರೆ ಆಸ್ಪತ್ರೆ ನೋಡಿಕೊಳ್ಳುವುದು ಕೆಲವು ದಿನ ಅಥವಾ ಕೆಲವು ವಾರ. ಆಮೇಲೆ ಬರುವುದು ಸಂಬಳದ ಸಂಜೆ, ಹಳೆಯ ಗೆಳೆಯರು, ಮನೆಯಲ್ಲಿ ಯಾರೂ ನಂಬದ ಮುಖ, ಊರಹಬ್ಬ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆಯ ಹೆಸರಿರುತ್ತದೆ, ಮುಂದಿನ ತಪಾಸಣೆಯ ತಾರೀಖಿರುತ್ತದೆ. ಆ ಸಂಜೆಗಳನ್ನು ಯಾರೊಂದಿಗೆ ಕಳೆಯಬೇಕು ಎಂಬುದು ಇರುವುದಿಲ್ಲ.

ನೆರವಿನ ಗುಂಪು ಕೈಹಿಡಿಯುವುದು ಇಲ್ಲೇ. 1935ರಲ್ಲಿ ಅಮೆರಿಕದ ಆಕ್ರನ್ ಪಟ್ಟಣದಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ (ಎ.ಎ.) 1957ರಲ್ಲಿ ಭಾರತದಲ್ಲೂ ನೆಲೆಯೂರಿತು. ಕರ್ನಾಟಕದಲ್ಲಿ ಎ.ಎ. ಸಭೆಗಳು ನಡೆಯುತ್ತಿವೆ. ಶುಲ್ಕವಿಲ್ಲ, ಅರ್ಜಿಯಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ಕುಡಿತ ಬಿಡುವ ಮನಸ್ಸಿದ್ದರೆ ಸಾಕು. ಶಾಲೆಯದೋ ಚರ್ಚಿನದೋ ಒಂದು ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು, ಲೋಟದಲ್ಲಿ ಟೀ. ಒಬ್ಬರು ಎದ್ದು ಹೆಸರು ಹೇಳಿ, ‘ನಾನು ಮದ್ಯವ್ಯಸನಿ’ ಎನ್ನುತ್ತಾರೆ. ಹೆಂಡತಿಯ ಓಲೆ ಅಡವಿಟ್ಟದ್ದು, ಮಗಳ ಶಾಲೆಯ ಮುಂದೆ ಬಿದ್ದದ್ದು, ಎಲ್ಲವನ್ನೂ ಹೇಳುತ್ತಾರೆ. ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಹೊಸಬರ ಕೈಗೆ ಹಳಬರೊಬ್ಬರ ಫೋನ್ ನಂಬರ್ ಸಿಗುತ್ತದೆ. ಕುಡಿಯಬೇಕು ಎನಿಸಿದ ಗಳಿಗೆಯಲ್ಲಿ ಕರೆ ಮಾಡಲು ಒಬ್ಬ ಮನುಷ್ಯ ಸಿಕ್ಕಂತಾಗುತ್ತದೆ.

ಇದು ಬರೀ ನಂಬಿಕೆಯ ಮಾತಲ್ಲ. 27 ಅಧ್ಯಯನಗಳನ್ನು ಒರೆಗೆ ಹಚ್ಚಿ 2020ರಲ್ಲಿ ಪ್ರಕಟವಾದ ಕೊಕ್ರೇನ್ ವಿಮರ್ಶೆ, ಎ.ಎ. ಮತ್ತು ಜನರನ್ನು ಅದರತ್ತ ಕರೆದೊಯ್ಯುವ ವ್ಯವಸ್ಥಿತ ಚಿಕಿತ್ಸೆಗಳು ಸತತವಾಗಿ ಮದ್ಯದಿಂದ ದೂರವಿರಲು ಇತರ ಪ್ರಚಲಿತ ಚಿಕಿತ್ಸೆಗಳಿಗಿಂತ ಹೆಚ್ಚು ನೆರವಾಗುತ್ತವೆ ಎಂದು ಕಂಡುಕೊಂಡಿತು. ನಮ್ಮ ಹಳ್ಳಿಗಳ ಅನುಭವವೂ ಬೇರೆಯಲ್ಲ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರ ಮುಗಿಸಿದವರನ್ನು ಅಲ್ಲಿಗೇ ಬಿಡದೆ ನವಜೀವನ ಸಮಿತಿಗಳಲ್ಲಿ ಸೇರಿಸುತ್ತಿದೆ. ಬಿಟ್ಟ ಮೇಲೆ ಜೊತೆ ಬೇಕು ಎಂಬುದನ್ನು ಅದೂ ಅರಿತಿದೆ.

ಆದರೆ ಇಂಥ ಸಭೆಗಳ ಸುದ್ದಿ ಅಗತ್ಯವಿದ್ದವರ ಕಿವಿಗೆ ಬೀಳುವುದೇ ಇಲ್ಲ. ಅವರ ಕಣ್ಣಿಗೆ ಬೀಳುವುದು ‘ಗೊತ್ತಿಲ್ಲದಂತೆ ಕುಡಿತ ಬಿಡಿಸಲಾಗುವುದು’ ಎಂಬ ಗೋಡೆಬರಹ. ಸಾಲ ಮಾಡಿ ಆ ಪುಡಿ ತಂದು ಸಾರಿನಲ್ಲಿ ಬೆರೆಸುವ ತಾಯಂದಿರಿದ್ದಾರೆ. ಪುಡಿಯಲ್ಲಿ ಏನಿದೆ ಎಂದು ಕೇಳುವ ಅಧಿಕಾರಿಗಳಿಲ್ಲ. ಕುಡಿತಕ್ಕೆ ಸಿಕ್ಕಿದ ಹೆಣ್ಣುಮಕ್ಕಳ ಪಾಡಂತೂ ಹೇಳತೀರದು. ಗಂಡಸರೇ ತುಂಬಿದ ಕೋಣೆಗೆ ಅವರು ಕಾಲಿಡುವುದಾದರೂ ಹೇಗೆ?

ಆಗಬೇಕಾದ ಕೆಲಸಕ್ಕೆ ಕೋಟಿಗಟ್ಟಲೆ ಹಣ ಬೇಡ. ಎ.ಎ. ಹೊರಗಿನವರ ದೇಣಿಗೆ ಪಡೆಯುವುದಿಲ್ಲ. ಸದಸ್ಯರೇ ಕೈಲಾದಷ್ಟು ಹಾಕಿ ಬಾಡಿಗೆ, ಟೀ ಖರ್ಚು ನಿಭಾಯಿಸುತ್ತಾರೆ. ಸರ್ಕಾರ ಕೊಡಬೇಕಾದದ್ದು ಜಾಗ ಮತ್ತು ಮಾಹಿತಿ. ಸಂಜೆ ಖಾಲಿ ಬೀಳುವ ಶಾಲಾ ಕೊಠಡಿ, ಸಮುದಾಯ ಭವನಗಳನ್ನು ಕಡಿಮೆ ಬಾಡಿಗೆಗೆ ಬಿಟ್ಟುಕೊಡಲಿ. ಸಭೆಯ ವಾರ, ವೇಳೆ, ಜಾಗವನ್ನು ಪ್ರತಿ ತಾಲ್ಲೂಕು ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಲಿ, ಡಿಸ್ಚಾರ್ಜ್ ಚೀಟಿಯಲ್ಲೂ ಕಡ್ಡಾಯವಾಗಿ ನಮೂದಿಸಲಿ. ವಾರ್ಡಿನಲ್ಲಿರುವಾಗಲೇ ರೋಗಿಗೆ ಗುಂಪಿನವರ ಪರಿಚಯವಾಗಲಿ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416 ಸಂಖ್ಯೆಗಳು ಪ್ರತಿ ಮದ್ಯದಂಗಡಿಯ ಕೌಂಟರಿನ ಮೇಲೂ ಕಾಣಲಿ. ಮಹಿಳೆಯರಿಗೆ ಪ್ರತ್ಯೇಕ ಸಭೆ, ಮನೆಯವರಿಗಾಗಿ ಅಲ್-ಅನಾನ್ ಮಾದರಿಯ ಗುಂಪುಗಳು ಜಿಲ್ಲೆ ಜಿಲ್ಲೆಗೂ ಬರಲಿ.

2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಮದ್ಯ ನಿಷೇಧಕ್ಕೆ ಒತ್ತಾಯಿಸಿ 2019ರ ಜನವರಿಯಲ್ಲಿ ಸಾವಿರಾರು ಮಹಿಳೆಯರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಅವರ ಅಳಲು ಆಳುವವರಿಗೆ ಇನ್ನೂ ಮುಟ್ಟಿಲ್ಲ. ನಿಷೇಧ ಬೇಕೇ ಬೇಡವೇ ಎಂಬ ಚರ್ಚೆ ಮುಂದುವರಿಯಲಿ. ಅದು ಮುಗಿಯುವವರೆಗೆ ಇಂದು ಬಿಡಬೇಕೆನ್ನುವವನನ್ನು ಕಾಯಿಸುವುದು ಅನ್ಯಾಯ. ಮುಂದಿನ ಗ್ರಾಮಸಭೆಯಲ್ಲಿ ಜನರೇ ಎದ್ದುನಿಂತು ಕೇಳಬೇಕು: ನಮ್ಮ ತಾಲ್ಲೂಕಿನಲ್ಲಿ ಕುಡಿತ ಬಿಟ್ಟವರ ಸಭೆ ಯಾವ ವಾರ, ಎಷ್ಟು ಗಂಟೆಗೆ, ಎಲ್ಲಿ? ಉತ್ತರ ಸಿಗದಿದ್ದರೆ ಅದನ್ನು ನಡಾವಳಿಯಲ್ಲಿ ಬರೆಸಿ, ಉತ್ತರ ಬರುವವರೆಗೂ ಬೆನ್ನು ಬಿಡಬಾರದು.