ಮಕ್ಕಳ ಕೈಯಲ್ಲಿ ಪಾಳಿ ಮುಗಿಯದ ಯಂತ್ರ

ಮಿಲ್ಲಿನಲ್ಲಿ ಪಾಳಿ ಮುಗಿದರೆ ಸೈರನ್ ಕೂಗುತ್ತದೆ. ಕಾರ್ಮಿಕ ಯಂತ್ರ ಬಿಟ್ಟು ಮನೆಗೆ ಬರುತ್ತಾನೆ. ಮನೆಯಲ್ಲಿ ಹದಿನೈದರ ಮಗ ಗೋಡೆಗೆ ಒರಗಿ, ಚಾರ್ಜರಿನ ತಂತಿ ಎಟಕುವಷ್ಟೇ ದೂರದಲ್ಲಿ ಕುಳಿತು ಹೆಬ್ಬೆರಳಿನಿಂದ ಫೋನು ತಳ್ಳುತ್ತಿರುತ್ತಾನೆ. ಅವನ ಪಾಳಿಗೆ ಸೈರನ್ ಇಲ್ಲ. ಅಪ್ಪ ಬೈದು ಫೋನು ಕಸಿಯುತ್ತಾನೆ. ಮಾರನೆಯ ದಿನ ಮತ್ತೆ ಅದೇ ಕಥೆ.

ಹುಡುಗ ಕೆಟ್ಟನೆಂದು ತೀರ್ಪು ಕೊಡುವ ಮುನ್ನ, ಈ ಯಂತ್ರ ಯಾರ ಲಾಭಕ್ಕೆ ಓಡುತ್ತಿದೆ ಎಂದು ಕೇಳಬೇಕು. ವಿಡಿಯೊ ತೋರಿಸುವ ಕಂಪನಿಗಳು ಹುಡುಗನಿಂದ ಕಾಸು ಕೇಳುವುದಿಲ್ಲ. ಅವನು ನೋಡಿದ ನಿಮಿಷಗಳನ್ನು ಜಾಹೀರಾತುದಾರರಿಗೆ ಮಾರುತ್ತವೆ. ನೋಡಿದಷ್ಟೂ ಮಾಲು ಹೆಚ್ಚು. ಆದ್ದರಿಂದಲೇ ಅಲ್ಲಿ ಕೊನೆಯ ಪುಟವೆಂಬುದಿಲ್ಲ. ಒಂದು ಮುಗಿಯುತ್ತಲೇ ಇನ್ನೊಂದು ತಾನಾಗಿ ಓಡುತ್ತದೆ. ಮಲಗಿದವನನ್ನೂ ಟಣ್ ಎಂದು ಕರೆಯುತ್ತದೆ. ತಕ್ಕಡಿ ಹಿಡಿಯುವ ವರ್ತಕ ಬಂಧುಗಳಿಗೆ ಇದನ್ನು ವಿವರಿಸಬೇಕಿಲ್ಲ. ತಟ್ಟೆಯಲ್ಲಿ ಬಿದ್ದಿರುವುದು ನಮ್ಮ ಮಕ್ಕಳ ನಿದ್ದೆ.

1948ರ ಕಾರ್ಖಾನೆ ಕಾಯಿದೆ 14 ತುಂಬದವರನ್ನು ಕೆಲಸಕ್ಕೆ ಸೇರಿಸಬಾರದೆಂದಿತು. 15 ತುಂಬುವವರೆಗೆ ದಿನಕ್ಕೆ ನಾಲ್ಕೂವರೆ ಗಂಟೆಗಿಂತ ಹೆಚ್ಚು ದುಡಿಸಬಾರದು, ರಾತ್ರಿ ದುಡಿಸಲೇಬಾರದು ಎಂದಿತು. ಅಂಥ ಕಟ್ಟುಗಳು ಮಾಲೀಕರ ಕರುಣೆಯಿಂದ ಬಂದವಲ್ಲ. ಈ ಹೊಸ ಮಾಲೀಕರಿಗೆ ಯಾವ ಕಟ್ಟಿದೆ? ಆಸ್ಟ್ರೇಲಿಯಾ 16 ತುಂಬದವರಿಗೆ ಜಾಲತಾಣಗಳ ಖಾತೆ ಕೊಡಬಾರದೆಂಬ ಕಾನೂನನ್ನು 2025ರ ಡಿಸೆಂಬರಿನಲ್ಲಿ ಜಾರಿಗೆ ತಂದು, ದಂಡವನ್ನು ಮಕ್ಕಳ ಮೇಲಲ್ಲ, ಕಂಪನಿಗಳ ಮೇಲೆ ಹೊರಿಸಿತು. ನಮ್ಮ ಸಂಸತ್ತು 2023ರಲ್ಲಿ ಮಾಡಿದ ದತ್ತಾಂಶ ರಕ್ಷಣಾ ಕಾಯಿದೆಯಲ್ಲಿಯೂ, 18 ತುಂಬದವರ ಜಾಡು ಹಿಡಿದು ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸಕೂಡದೆಂಬ ಮಾತಿದೆ. ಅದರ ನಿಯಮಗಳು ಹೊರಬೀಳಲು 2025ರ ನವೆಂಬರ್ ಬೇಕಾಯಿತು.

ನಮ್ಮ ಪಾಲಿನ ತಪ್ಪೂ ಇದೆ. 2020ರಲ್ಲಿ ಶಾಲೆಗಳು ಮುಚ್ಚಿದಾಗ, ಪಾಠಕ್ಕೆ ಹೇಗಾದರೂ ಒಂದು ಫೋನು ಕೊಡಿಸಿ ಎಂದು ಮನೆಮನೆಗೆ ಹೇಳಿಬಂದ ಮೇಷ್ಟರುಗಳಲ್ಲಿ ನಾವೂ ಇದ್ದೆವು. ಸಾಲ ಮಾಡಿ ಕೊಂಡವರುಂಟು. ಶಾಲೆ ತೆರೆದ ಮೇಲೆ ಅದನ್ನು ಕೈಯಿಂದ ಇಳಿಸುವ ಬಗೆ ಹೇಳಲು ನಾವು ಹೋಗಲಿಲ್ಲ. ಇನ್ನು, ಗಲ್ಲಾಪೆಟ್ಟಿಗೆಯ ಮುಂದೆ ತಾವೇ ವಿಡಿಯೊ ನೋಡುತ್ತ ಗಿರಾಕಿಯನ್ನು ಕಾಯಿಸುವ ಅಪ್ಪಂದಿರ ಮಾತನ್ನು ಮಗ ಕೇಳುವನೆ?

ಒಬ್ಬನ ಫೋನು ಕಸಿದರೆ ಅವನು ಗೆಳೆಯರ ನಡುವೆ ಒಂಟಿಯಾಗುತ್ತಾನೆ. ಕೇರಿಯೇ ಕೂಡಿ ಕೆಳಗಿಟ್ಟರೆ ಯಾರೂ ಒಂಟಿಯಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿ 2022ರಲ್ಲಿ ಇದನ್ನೇ ಮಾಡಿತು. ಸಂಜೆ ಏಳಕ್ಕೆ ಸೈರನ್, ಒಂದೂವರೆ ಗಂಟೆ ಊರಿನ ಟಿವಿ, ಫೋನು ಬಂದ್, ಮಕ್ಕಳಿಗೆ ಓದು. 2024ರಲ್ಲಿ ನಮ್ಮ ಬೆಳಗಾವಿ ತಾಲೂಕಿನ ಹಲಗಾ ಗ್ರಾಮವೂ ಈ ದಾರಿ ಹಿಡಿಯಿತು. ಸೈರನ್ನಿಗೆ ಏಳುವ, ಸೈರನ್ನಿಗೆ ಉಣ್ಣುವ ಮಿಲ್ಲಿನ ಊರಿಗೆ ಇದು ಅಸಾಧ್ಯವೆ?

ಆದರೆ ಫೋನು ಕೆಳಗಿಟ್ಟ ಹುಡುಗ ಎಲ್ಲಿಗೆ ಹೋಗಬೇಕು? ಒಂದೇ ಕೋಣೆಯ ಮನೆ. ಅಲ್ಲಿ ರಾತ್ರಿ ಪಾಳಿಯ ಅಪ್ಪ ಮಲಗಿರುತ್ತಾನೆ. ಆಟದ ಬಯಲುಗಳು ಸೈಟುಗಳಾಗಿವೆ. 1965ರ ಗ್ರಂಥಾಲಯ ಕಾಯಿದೆಯಂತೆ ನಾವು ಆಸ್ತಿ ತೆರಿಗೆಯ ಜೊತೆಗೆ ಅದರ ಶೇಕಡ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ರಸೀತಿ ತೆಗೆದು ನೋಡಿ. ಆ ಹಣದಲ್ಲಿ ಕೇರಿಗೊಂದು ವಾಚನಾಲಯ ರಾತ್ರಿ ಒಂಬತ್ತರವರೆಗೆ ತೆರೆದಿರಲಿ ಎಂದು ಸದಸ್ಯರನ್ನು ಕೇಳುವುದು ಭಿಕ್ಷೆಯಲ್ಲ.

ಅದಾಗುವವರೆಗೆ, ಬರುವ ಸೋಮವಾರದಿಂದ ಸಂಜೆ ಏಳರಿಂದ ಎಂಟೂವರೆವರೆಗೆ ನಮ್ಮ ಪಕ್ಷದ ಕಚೇರಿಯ ಬಾಗಿಲು ತೆರೆದಿರುತ್ತದೆ. ಚಾಪೆಯಿದೆ, ದೀಪವಿದೆ, ಎರಡು ಕೇರಂ ಹಲಗೆಗಳಿವೆ. ಹಳೆಯ ಪುಸ್ತಕವಿದ್ದವರು ತಂದುಕೊಡಬೇಕು. ಮಕ್ಕಳನ್ನು ಬಿಡಲು ಬರುವ ತಂದೆತಾಯಂದಿರೂ ಫೋನನ್ನು ಮನೆಯಲ್ಲೇ ಇಟ್ಟು ಬರಬೇಕು.